ಅಕ್ಕನ ಗಾಡಿ ಸೆಲ್ಫ್ ಎತ್ತವಲ್ದು

ನಮ್ಮ ಕೆಲಸದಲ್ಲಿ ನಗು ಬರುವ ಸಂಗತಿ ದಿನಕ್ಕೊಂದಾದರೂ ನಡೆಯುತ್ತದೆ. ಒಮ್ಮೊಮ್ಮೆ ನಗಲು ಬಾಯಿ ಏಳುವುದಿಲ್ಲ, ಅಷ್ಟೇ. ನಾನು ಇಂಡಿ ತಾಲ್ಲೂಕಿನವನು. ಮುಂಬಯಿ ಹತ್ತಿರದ ಡೊಂಬಿವಲಿಯ ಶಿಳ್ ರಸ್ತೆಯಲ್ಲಿ ಟ್ರಕ್ಕುಗಳ ವೈರಿಂಗ್, ಸೆಲ್ಫ್ ರಿಪೇರಿ ಮಾಡುತ್ತೇನೆ. ಸೆಲ್ಫ್ ಅಂದರೆ ಚಾವಿ ತಿರುವಿದಾಗ ಇಂಜಿನ್ನನ್ನು ಎಬ್ಬಿಸುವ ಮೋಟರು. ಇವೆಲ್ಲ ಒಂದೇ ಗಾಡಿಯ ಪ್ರಸಂಗಗಳು. ಅದರ ಮಾಲೀಕ ಸಿಂಧನೂರು ಕಡೆಯವನು, ಗಾಡಿ ತಾನೇ ಓಡಿಸುತ್ತಿದ್ದ. ನಾನು ಅವನಿಗೆ ಅಣ್ಣ ಅನ್ನುತ್ತಿದ್ದೆ. ಅವನ ಹೆಂಡತಿಗೆ ವೈನಿ ಅನ್ನಬೇಕಿತ್ತು. ಮೊದಲ ದಿನವೇ ಬಾಯಿಗೆ ಅಕ್ಕ ಅಂತ ಬಂತು, ಹಾಗೇ ಉಳೀತು.

೧. ಸೋಡಾ ಡಬ್ಬಿ

ಇದು ಅಣ್ಣ ಇದ್ದಾಗಿನ ಮಾತು. ಮಳೆಗಾಲ ಶುರುವಾಯಿತೆಂದರೆ ಅವನ ಬ್ಯಾಟರಿ ಟರ್ಮಿನಲ್ಲಿನ ಮೇಲೆ ಬಿಳಿ ಹಸಿರು ಬೂಷ್ಟು ಏಳುತ್ತಿತ್ತು. ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಸುರಿದರೆ ಅದು ಬುಸುಗುಟ್ಟಿ ಕರಗುತ್ತದೆ ಎಂದು ನಾನೇ ಒಮ್ಮೆ ಹೇಳಿಕೊಟ್ಟಿದ್ದೆ. ಅಂದಿನಿಂದ ಅವನಿಗೆ ಅದೊಂದು ಹುಚ್ಚು. ಚಾ ಕುಡಿಯುವಷ್ಟು ಪ್ರೀತಿಯಿಂದ ಬ್ಯಾಟರಿ ತೊಳೆಯುತ್ತಿದ್ದ.

ಒಂದು ಮಧ್ಯಾಹ್ನ ಅಕ್ಕ ಕೈಯಲ್ಲಿ ಭಜಿ ಎತ್ತುವ ಜಾರಿ ಸೌಟು ಹಿಡಿದು ಸೀದಾ ನನ್ನ ಅಂಗಡಿಗೆ ಬಂದಳು.

"ನನ್ನ ಸೋಡಾ ಡಬ್ಬಿ ಎಲ್ಲಿ? ಮಿರ್ಚಿ ಭಜಿ ಮಾಡಾಕ ಕುಂತೀನಿ."

ಅಣ್ಣ ಗಾಡಿಯ ಕೆಳಗಿನಿಂದಲೇ ಉತ್ತರ ಕೊಟ್ಟ. "ಖಾಲಿ ಆತು. ಬ್ಯಾಟರಿಗೆ ಬೇಕಾಗಿತ್ತು."

"ಬ್ಯಾಟರಿಗೆ ಸೋಡಾ, ನಿಮಗ ಕಲ್ಲಿನಂಥ ಭಜಿ," ಅಂದಳು ಅಕ್ಕ. "ಹಲ್ಲು ಮುರಿದರ ನನ್ನ ಹತ್ರ ಬರಬ್ಯಾಡ್ರಿ, ಮಿಸ್ತ್ರಿ ಹತ್ರ ಹೋಗ್ರಿ."

೨. ಸೂತಕ

ಅಣ್ಣ ಹೋದದ್ದು ಗಾಡಿಯಲ್ಲಲ್ಲ, ಮನೆಯಲ್ಲಿ. ಊಟ ಮುಗಿಸಿ ಗೋಡೆಗೆ ಒರಗಿದವನು ಏಳಲಿಲ್ಲ. ಎದೆ ನಿಂತಿತ್ತು. ಗಾಡಿ ಅವರಿದ್ದ ಸಾಲುಮನೆಗಳ ಚಾಳಿನ ಪಕ್ಕದ ಬಯಲಲ್ಲಿ ನಿಂತೇ ಉಳಿಯಿತು. ಎರಡು ತಿಂಗಳಾದ ಮೇಲೆ ಅಕ್ಕನ ಮೈದುನ, ನಿಂತ ಗಾಡಿ ಕೊಳೆತು ಹೋಗ್ತದ, ಮಾರೋಣ ಅಂದ. ಅಕ್ಕ ಹೂಂ ಎಂದು ತಲೆಯಾಡಿಸಿದಳು.

ಗಿರಾಕಿ ಬರುವ ಹಿಂದಿನ ದಿನ ನಾನು ಹೋಗಿ ನೋಡಿದೆ. ಕೇಬಲ್ಲಿನ ಮೇಲಿನ ಕರಿ ರಬ್ಬರ್ ಚೆನ್ನಾಗೇ ಇತ್ತು, ಸೀಳಿದರೆ ಒಳಗಿನ ತಾಮ್ರ ಹಸಿರು ಹಿಟ್ಟಾಗಿತ್ತು. ಹೊಸ ಕೇಬಲ್ ಹಾಕಿದೆ, ಚಾವಿ ತಿರುವಿದೆ, ಇಂಜಿನ್ ಗುಡುಗಿತು. ಅಕ್ಕ ಬಾಗಿಲಲ್ಲಿ ನಿಂತಿದ್ದಳು. ಆ ಸದ್ದಿಗೆ ಒಳಗೆ ಹೋಗಿಬಿಟ್ಟಳು.

ಬೆಳಿಗ್ಗೆ ಭಿವಂಡಿಯ ಗಿರಾಕಿ ಹೂವಿನ ಹಾರ, ನಿಂಬೆಹಣ್ಣು ಸಮೇತ ಬಂದ. ಚಾವಿ ತಿರುವಿದ. ಟಕ್ ಅನ್ನುವ ಸದ್ದೂ ಇಲ್ಲ. ನೋಡಿದರೆ ಬ್ಯಾಟರಿಯ ಅರ್ತಿಂಗ್ ಕೇಬಲ್ ಸಡಿಲ. ನಾನೇ ಬಿಗಿ ಮಾಡದೆ ಬಿಟ್ಟೆನೇನೋ ಎಂದು ನಾಚಿಕೆಯಾಯಿತು. ಬಿಗಿ ಮಾಡುವಷ್ಟರಲ್ಲಿ ಗಿರಾಕಿ ಹಾರವನ್ನು ತಿರುಗಿ ಚೀಲಕ್ಕೆ ಹಾಕಿಕೊಂಡಿದ್ದ.

"ಗಾಡಿ ಭೀ ಸೂತಕ್ ಮೇಂ ಹೈ ಕ್ಯಾ?" ಗಾಡಿಗೂ ಸೂತಕವೇ ಎಂದು ಮೈದುನನನ್ನು ಕೇಳಿದ. ಮುಗಿದ ಮೇಲೆ ಹೇಳಿ, ಬರುತ್ತೇನೆ ಎಂದು ಹೊರಟ.

೩. ಇಲಿ

ಮುಂದಿನ ಗಿರಾಕಿ ಬರುವ ಮುಂಚೆ ನಾನು ಹಟಕ್ಕೆ ಬಿದ್ದೆ. ಸೆಲ್ಫ್ ಇಳಿಸಿ, ಬಿಚ್ಚಿ, ಸವೆದ ಕಾರ್ಬನ್ ತೆಗೆದು ಹೊಸದು ಕೂಡಿಸಿದೆ, ಬುಷ್ ಬದಲಿಸಿದೆ. ಹತ್ತು ಸಲ ಚಾವಿ ತಿರುವಿದೆ, ಹತ್ತು ಸಲವೂ ಎದ್ದಿತು. ಮರುದಿನ ಗಿರಾಕಿಯ ಮುಂದೆ ಮತ್ತೆ ಸತ್ತ ಹೆಣ. ಈ ಸಲ ಟರ್ಮಿನಲ್ಲಿನ ನಟ್ಟೇ ಇರಲಿಲ್ಲ.

"ನೀ ಮಿಸ್ತ್ರಿ ಏನು ಹಜಾಮ?" ಎಂದು ಮೈದುನ ಎಲ್ಲರ ಮುಂದೆ ಬೈದ. ನಾನು ತಲೆ ತಗ್ಗಿಸಿದೆ. ತಗ್ಗಿಸಿದಾಗಲೇ ಅಕ್ಕನ ಸೀರೆಯ ಸೆರಗು ಕಣ್ಣಿಗೆ ಬಿತ್ತು. ಅದರ ತುಂಬ ಸಾಸಿವೆಯಷ್ಟು ಸಣ್ಣ ತೂತು. ಬ್ಯಾಟರಿಯ ಆಸಿಡ್ ಮುಟ್ಟಿದ ಕೈಯನ್ನು ಅರಿವೆಗೆ ಒರೆಸಿದರೆ ಹಾಗಾಗುತ್ತದೆ. ನನ್ನ ಅಂಗಿಗಳೆಲ್ಲ ಹಾಗೇ ಇವೆ.

ಎಲ್ಲರೂ ಹೋದ ಮೇಲೆ ಕೇಳಿದೆ. "ಅಕ್ಕಾ, ಸೀರಿಗೆ ಏನಾತು?"

"ಇಲಿ ಕಡದಾವ."

"ಆ ಇಲಿ ಕೈಯಾಗ ನಟ್ಟು ಬಿಚ್ಚೂ ಹದಿಮೂರು ನಂಬರ್ ಪಾನಾ ಇತ್ತೇನು?"

ಅಕ್ಕ ನಗಲಿಲ್ಲ. ಸೆರಗನ್ನು ಬೆನ್ನಿಗೆ ಸರಿಸಿ ಹೇಳಿದಳು. "ಮನಿಯಾಗ ಒಂದೇ ಖೋಲಿ. ಅತ್ತಿ ಅದಾಳ, ಮೈದುನನ ಸಂಸಾರ ಐತಿ, ನನ್ನ ಎರಡು ಹುಡುಗೇರು ಅದಾವ. ನಾ ಅತ್ತರ ಎಲ್ಲಾರೂ ಅಳ್ತಾರ. ಕೆಲಸಕ್ಕ ಹೋಗೂ ಫ್ಯಾಕ್ಟರಿಯಾಗ ಅಳಾಕ ಬರಂಗಿಲ್ಲ. ಮಧ್ಯಾಹ್ನ ಪಾಳಿ ಮುಗಿಸಿ ಬಂದು ಈ ಕ್ಯಾಬಿನ್‌ನ್ಯಾಗ ಕುಂತು, ಕಿಟಕಿ ಗಾಜು ಏರಿಸಿ ಅಳ್ತೀನಿ. ಇದನ್ನೂ ಮಾರಿದರ ನಾ ಎಲ್ಲಿ ಹೋಗ್ಲಿ?"

ನಾನು ನನಗೆ ಬರುವುದನ್ನೇ ಹೇಳಿದೆ. "ಪಾಸಿಟಿವ್ ಮುಟ್ಟಬ್ಯಾಡ ಅಕ್ಕಾ, ಪಾನಾ ಬಾಡಿಗೆ ತಾಗಿದರ ಕಿಡಿ ಹಾರ್ತದ. ಬರೇ ನೆಗೆಟಿವ್ ಬಿಚ್ಚು. ಕೈಗೆ ಪ್ಲಾಸ್ಟಿಕ್ ಕಟ್ಟಿಕೋ."

ಇಪ್ಪತ್ತೆರಡು ವರ್ಷ ಗಾಡಿ ಚಾಲೂ ಮಾಡುವುದನ್ನು ಕಲಿತವನು, ಅಂದು ಚಾಲೂ ಆಗದಂತೆ ಮಾಡುವ ಕ್ಲಾಸು ತೆಗೆದುಕೊಂಡೆ.

೪. ಕಲ್ಯಾಣದ ಮಿಸ್ತ್ರಿ

ಮೈದುನನಿಗೆ ನನ್ನ ಮೇಲೆ ನಂಬಿಕೆ ಹೋಯಿತು. ಕಲ್ಯಾಣದಿಂದ ಬೇರೆ ಮಿಸ್ತ್ರಿಯನ್ನು ಕರೆತಂದ. ಅಷ್ಟರಲ್ಲಿ ಅಕ್ಕ ನನಗಿಂತ ಹುಷಾರಾಗಿದ್ದಳು. ಟರ್ಮಿನಲ್ಲಿನ ಸುತ್ತ ಹಾಲಿನ ಪಾಕೀಟಿನ ತುಂಡು ಸುತ್ತಿ, ಮೇಲೆ ಕ್ಲ್ಯಾಂಪು ಕೂಡಿಸಿ ಬಿಗಿ ಮಾಡಿದ್ದಳು. ನೋಡಿದರೆ ಎಲ್ಲ ಸರಿ, ಕರೆಂಟು ಮಾತ್ರ ಹಾಯುವುದಿಲ್ಲ.

ಆ ಮಿಸ್ತ್ರಿ ಗತ್ತಿನಿಂದ ಚಾವಿ ತಿರುವಿ, ಕಿವಿ ಕೊಟ್ಟು ಕೇಳಿ, "ಸೆಲ್ಫ್ ಪೂರ್ತಿ ಸುಟ್ಟಿದೆ" ಅಂದ. ಅರ್ಧ ತಾಸು ಗುದ್ದಾಡಿ ಅದನ್ನು ಇಳಿಸಿದ. ಸುಟ್ಟದ್ದನ್ನು ತೋರಿಸುತ್ತೇನೆಂದು ಒಂದು ಹಲಗೆಯ ಮೇಲಿಟ್ಟು ತಾನು ತಂದ ಬ್ಯಾಟರಿಗೆ ನೇರವಾಗಿ ಹಚ್ಚಿದ. ನಾನು ಹೊಸ ಕಾರ್ಬನ್ ಹಾಕಿದ ಸೆಲ್ಫ್ ಅದು. ಗುರ್ರೆಂದು ತಿರುಗಿ, ಹಲಗೆಯಿಂದ ಹಾರಿ, ಅವನ ಚಪ್ಪಲಿಯ ಮೇಲೇ ಬಿತ್ತು. ಅವನು ಒಂದು ಕಾಲಿನ ಮೇಲೆ ಬಯಲು ಸುತ್ತಿದ.

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೆಗಲು ಕುಲುಕುತ್ತಿತ್ತು, ಕಣ್ಣಲ್ಲಿ ನೀರು. ಅಣ್ಣ ಹೋದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಚಾಳಿನ ಹೆಂಗಸರು ಓಡಿ ಬಂದು ಅವಳನ್ನು ತಬ್ಬಿಕೊಂಡರು. "ಗಂಡನ ನೆನಪು ಆತು ಪಾಪ, ಯಾರಾದರೂ ನೀರು ತರ್ರಿ."

೫. ಬಂದ್

ದಸರಾ ಹತ್ತಿರ ಬಂದಾಗ ಅಕ್ಕ ತಾನೇ ಬಂದು, ಗಾಡಿ ಮಾರಿಬಿಡೋಣ ಅಂದಳು. ನಾನು ನಂಬಲಿಲ್ಲ. ಆಗ ಹೇಳಿದಳು. ಒಂದು ಮಧ್ಯಾಹ್ನ ಹಿರಿ ಮಗಳು ಬೆನ್ನಿಗೇ ಬಂದು ಕ್ಯಾಬಿನ್ ಬಾಗಿಲು ತೆರೆದಳಂತೆ. ಹುಡುಗಿ ಇಲ್ಲೇ ಹುಟ್ಟಿದವಳು, ಮಾತೆಲ್ಲ ಹಿಂದಿ. "ಮಮ್ಮಿ, ಮೈಂ ಭೀ ಯಹಾಂ ರೋ ಲೂಂ?" ನಾನೂ ಇಲ್ಲಿ ಅಳಲಾ ಎಂದು ಕೇಳಿದಳಂತೆ. ತಾಯಿ ಮಗಳು ಸಂಜೆತನಕ ಅತ್ತರು. ಅಂದಿನಿಂದ ಮನೆಯಲ್ಲೂ ಮುಚ್ಚುಮರೆ ಹೋಯಿತು.

ಈ ಸಲ ಬಂದವನು ವಿಜಯಪುರದ ಡ್ರೈವರು. ಅಕ್ಕನೇ ಎಲ್ಲರ ಮುಂದೆ ಪಾನಾ ಹಿಡಿದು ನಟ್ಟು ಬಿಗಿದಳು. ಒಂದೇ ತಿರುವಿಗೆ ಗಾಡಿ ಎದ್ದಿತು, ಹೊರಟೂ ಹೋಯಿತು. ಮೈದುನ ಬಾಯಿ ತೆರೆದುಕೊಂಡು ಒಮ್ಮೆ ಅತ್ತಿಗೆಯನ್ನು, ಒಮ್ಮೆ ನನ್ನನ್ನು ನೋಡಿದ. ಅಕ್ಕ ಮನೆಗೆ ಹೋಗಲಿಲ್ಲ, ನನ್ನ ಅಂಗಡಿಗೆ ಬಂದು ಕುಳಿತಳು. ಕಣ್ಣು ಒಣಗಿತ್ತು.

ಸ್ವಲ್ಪ ಹೊತ್ತಿಗೆ ಆ ಡ್ರೈವರನ ಫೋನು. ಹಿಂದೆ ಇಂಜಿನ್ನಿನ ಸದ್ದು. "ಮಿಸ್ತ್ರಿ, ಪನ್ವೇಲ್ ಹತ್ರ ಡೀಸೆಲ್ ಹಾಕಸಾಕ ನಿಂತೀನಿ. ಗಾಡಿ ಬಂದ್ ಆಗವಲ್ದು! ಇಂಜಿನ್ ಬಂದ್ ಮಾಡೂ ನಾಬು ಕೈಯಾಗೇ ಬಂತು!"

ಹಳೆ ಡೀಸೆಲ್ ಗಾಡಿ ಚಾವಿ ತೆಗೆದರೆ ನಿಲ್ಲುವುದಿಲ್ಲ, ನಾಬು ಜಗ್ಗಬೇಕು; ನಾನು ಇಂಜಿನ್ನಿನ ಹತ್ತಿರವೇ ನಿಂತು ಪಂಪಿನ ಕೀಲು ಒತ್ತಿ ಬಂದ್ ಮಾಡುತ್ತಿದ್ದವನು, ನಾಬು ಮುಟ್ಟಿಯೇ ಇರಲಿಲ್ಲ. ಅಕ್ಕ ಫೋನು ಕಸಿದುಕೊಂಡಳು. "ಅದರ ಕೇಬಲ್ ಭಾಳ ದಿನದ ಹಿಂದ ಹರಿದೈತಿ. ಸೀಟಿನ ಬುಡಕ ಒಂದು ಬಿಳಿ ದಾರ ಐತಿ, ಜಗ್ಗ್ರಿ."

"ಎಂಥ ದಾರ ಅಕ್ಕಾ? ಇಲ್ಲಿ ಭಾಳ ಅದಾವ."

ಅಕ್ಕ ನನಗೆ ಬೆನ್ನು ತಿರುಗಿಸಿ ದನಿ ಇಳಿಸಿದಳು. "ಲಾಡಿರಿ... ಲಂಗದ್ದು. ನಂದು. ಹೊಸಾ ಕೇಬಲ್ ತರೂತನಕ ಇರಲಿ ಅಂತ ನಮ್ಮ ಮನಿಯವರು ಒಯ್ದಿದ್ದರು."

ಫೋನಿನಲ್ಲಿ ಇಂಜಿನ್ ಎರಡು ಸಲ ಕೆಮ್ಮಿ ನಿಂತಿತು. "ಬಂದ್ ಆತು ಅಕ್ಕಾ!" ಎಂದು ಅವನು ಕೂಗಿದ.

ಅಕ್ಕ ಫೋನು ನನ್ನ ಕೈಗಿಟ್ಟು, ಹಳೆ ಬ್ಯಾಟರಿಯ ಮೇಲೆ ಕುಸಿದು, ರಸ್ತೆಗೆಲ್ಲ ಕೇಳುವಂತೆ ಅತ್ತಳು. ಎದುರಿನ ಚಾ ಅಂಗಡಿಯ, ಕನ್ನಡ ಬಲ್ಲ ಮರಾಠಿ ಮುದುಕ ಕೆಟಲ್ ಸಮೇತ ಓಡಿ ಬಂದ. ಏನಾಯಿತು ಎಂದು ನನ್ನನ್ನು ಕೇಳಿದ.

ನನಗೂ ಅಳು ಬಂದಿತ್ತು. "ಅಕ್ಕನ ಗಾಡಿ ಬಂದ್ ಆತು, ಕಾಕಾ," ಅಂದೆ.

ಮುದುಕ ನನ್ನನ್ನು ಮೇಲಿಂದ ಕೆಳಗಿನತನಕ ನೋಡಿದ. "ಹೆಣ್ಣುಮಗಳು ಇಷ್ಟು ಅಳ್ತಾಳ, ನೀನೂ ಕೂತು ಅಳ್ತೀಯಲ್ಲೋ! ಮಿಸ್ತ್ರಿ ಇದ್ದೀ, ಎದ್ದು ಹೋಗಿ ಚಾಲೂ ಮಾಡಿಕೊಡು!"