ಮೂರು ಗ್ರಹ, ಐವತ್ತು ರೊಟ್ಟಿ

ಕೆಲವು ಸತ್ಯಗಳನ್ನು ನೆರೆಹೊರೆಯವರಿಂದ ಮುಚ್ಚಿಡುವುದು ಸುಳ್ಳಲ್ಲ, ಆತ್ಮರಕ್ಷಣೆ. ನಾನು ಮೆಕ್ಯಾನಿಕಲ್ ಎಂಜಿನಿಯರ್ ಎಂಬುದು ಅಂಥದೊಂದು ಸತ್ಯ. ಮುಂಬೈಯ ಜೋಗೇಶ್ವರಿಯಲ್ಲಿರುವ ನಮ್ಮ ಬಿಲ್ಡಿಂಗಿನಲ್ಲಿ ಯಾರಾದರೂ ಕೇಳಿದರೆ 'ಗೋರೆಗಾಂವ್‌ನಲ್ಲಿ ಆಫೀಸು' ಎಂದಷ್ಟೇ ಹೇಳಿ ಲಿಫ್ಟಿನ ನಂಬರುಗಳನ್ನು ನೋಡತೊಡಗುತ್ತೇನೆ. ಅಲ್ಲಿ ಕೂತು ದಿನವಿಡೀ ಕಂಪ್ಯೂಟರಿನಲ್ಲಿ ಗೇರುಗಳ ಚಿತ್ರ ಬರೆಯುತ್ತೇನೆಂದು ಗೊತ್ತಾದರೆ ಮರುದಿನವೇ ನಾಲ್ಕೂ ಮಹಡಿಯ ಮಿಕ್ಸರುಗಳು ನಮ್ಮ ಬಾಗಿಲಿಗೆ ಬರುತ್ತವೆ. ಆಗ ಇನ್ನೊಂದು ಸತ್ಯವೂ ಹೊರಬೀಳುತ್ತದೆ: ಇಷ್ಟು ಗೇರು ಬರೆದ ನಾನು ಈವರೆಗೆ ಒಂದು ಸ್ಪ್ಯಾನರನ್ನೂ ಕೈಯಲ್ಲಿ ಹಿಡಿದವಳಲ್ಲ.

ಹೀಗೆ ಗುಟ್ಟಾಗಿ, ಸುಖವಾಗಿ ಇದ್ದವಳನ್ನು ಕೆಡಿಸಿದ್ದು ಅವ್ವನ ಬಲಭುಜ. ಇನ್ನು ಹಿಟ್ಟು ನಾದಿದರೆ ಕೈ ಮೇಲೇಳುವುದೇ ಇಲ್ಲ ಎಂದು ಡಾಕ್ಟರು ಹೆದರಿಸಿದರು. ನಾನು ಹಿಟ್ಟು ನಾದುವ ಯಂತ್ರ ತಂದೆ. ಜನ ಬಣ್ಣ ನೋಡಿ ಕೊಳ್ಳುತ್ತಾರೆ. ನಾನು ಒಳಗೆ ಪ್ಲಾನೆಟರಿ ಗೇರು ಇದೆಯೆಂದು ಓದಿ ಇದನ್ನೇ ಕೊಂಡೆ. ಜೊತೆಗೆ ಬಂದ ಪುಸ್ತಿಕೆಯಲ್ಲಿ ಮೈದಾ, ಬೆಣ್ಣೆ, ಕೇಕು ಎಂದೆಲ್ಲ ಇತ್ತು. ಅವ್ವ ಅದನ್ನು ಪಕ್ಕಕ್ಕಿಟ್ಟು, ಎಸರು ಕುದಿಸಿ, ಒಂದು ಸೇರು ಜೋಳದ ಹಿಟ್ಟನ್ನು ಒಮ್ಮೆಲೇ ಸುರಿದಳು. ಯಂತ್ರ ಎರಡು ಸುತ್ತು ತಿರುಗಿ, ಕಟಕಟ ಎಂದು ಹಲ್ಲು ಕಡಿದು, ನಿಂತುಬಿಟ್ಟಿತು.

"ಪಾಪ, ಇದಕ್ಕ ಸೊಂಟದಾಗ ಬಲ ಇಲ್ಲವ್ವಾ," ಎಂದಳು ಅವ್ವ. "ಐತವಾರ ಮಹಿಳಾ ಮಂಡಳದವರು ಹನ್ನೆರಡು ಮಂದಿ ಊಟಕ್ಕ ಬರತಾರ. ಐವತ್ತು ರೊಟ್ಟಿ ಬೇಕು. ನಾನ ನಾದತೀನಿ ಬಿಡು."

"ಡಾಕ್ಟರು ಏನಂದಾರ ನೆನಪೈತಿಲ್ಲೋ?"

"ಡಾಕ್ಟರ ಬಂದು ನಾದತಾನೇನು?"

ನಾನೇ ನಾದಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನು ನಾದಿದ ಹಿಟ್ಟಿನಲ್ಲಿ ರೊಟ್ಟಿ ಬಡಿದರೆ ಅದು ಅಂಚಿನಿಂದ ಒಡೆಯುತ್ತ ಬಂದು ನಕಾಶೆಯಾಗುತ್ತದೆ. ಆದ್ದರಿಂದ ಯಂತ್ರವನ್ನೇ ಬಿಚ್ಚಿದೆ. ಒಳಗೆ ಎಲ್ಲವೂ ನಾನು ಬರೆಯುವ ಚಿತ್ರದಂತೆಯೇ ಇತ್ತು. ನಡುವೆ ಮೋಟಾರು ತಿರುಗಿಸುವ ಪುಟ್ಟ ಗೇರು, ಅದೇ ಸೂರ್ಯ. ಅದನ್ನು ಸುತ್ತುವ ಮೂರು ಗ್ರಹಗಳು. ಎಲ್ಲವನ್ನೂ ಒಳಗಿಟ್ಟುಕೊಂಡು ಒಳಮೈಗೆ ಹಲ್ಲಿರುವ ಒಂದು ಹೊರಬಳೆ. ಬಳೆ ಅಲ್ಲಾಡದೆ ನಿಂತರೆ ಗ್ರಹಗಳು ಅದಕ್ಕೆ ಒದ್ದುಕೊಂಡು ಸುತ್ತು ಹಾಕುತ್ತವೆ, ಅವುಗಳೊಡನೆ ಹಿಟ್ಟಿನ ಕೊಕ್ಕೆಯೂ ತಿರುಗುತ್ತದೆ. ಮೋಟಾರು ಆರು ಸುತ್ತು ಓಡಿದರೆ ಕೊಕ್ಕೆಗೆ ಒಂದೇ ಸುತ್ತು. ಕಳೆದುಕೊಂಡ ವೇಗವೆಲ್ಲ ಬಲವಾಗಿ ಬರುತ್ತದೆ. ಸೂರ್ಯ, ಬಳೆ ಉಕ್ಕಿನವು. ಗ್ರಹಗಳು ಮಾತ್ರ ಪ್ಲಾಸ್ಟಿಕ್ಕಿನವು. ಒಂದರ ನಾಲ್ಕು ಹಲ್ಲು ಉದುರಿದ್ದವು.

ನಮ್ಮ ಮನೆಯಿಂದ ಹತ್ತು ಹೆಜ್ಜೆಗೊಂದು ವರ್ಕ್‌ಶಾಪ್ ಇದೆ. ಆದರೆ ಅವ್ವನ ಪ್ರಕಾರ ಮುಂಬೈಯಲ್ಲಿ ಏನೇ ಕೆಟ್ಟರೂ ಅದನ್ನು ವಿಜಾಪುರದವರೇ ರಿಪೇರಿ ಮಾಡಬೇಕು. ಹಲ್ಲಿಗೂ ಅಷ್ಟೇ, ಛತ್ರಿಗೂ ಅಷ್ಟೇ. "ಬೈಕುಲ್ಲಾದಾಗ ನಮ್ಮ ಲೇಥಿನ ದಸ್ತಗೀರ ಅದಾನಲ್ಲ, ಅಂವಗ ಒಯ್ದು ಕೊಡು. ನಮ್ಮೂರಾಂವ, ಮೋಸ ಮಾಡೂದಿಲ್ಲ." ಶನಿವಾರ ಬೆಳಿಗ್ಗೆ ಗೇರನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು, ದಾದರಿನಲ್ಲಿ ಲೋಕಲ್ ಬದಲಿಸಿ, ನಾಲ್ಕು ಹಲ್ಲು ಕಟ್ಟಿಸಲು ಅರ್ಧ ಮುಂಬೈ ದಾಟಿದೆ.

ದಸ್ತಗೀರ ಚಾಚಾ ಕನ್ನಡಕವನ್ನು ಹಣೆಗೇರಿಸಿ ಗೇರನ್ನು ಬೆಳಕಿಗೆ ಹಿಡಿದರು. ಇಪ್ಪತ್ನಾಲ್ಕು ಹಲ್ಲು, ನಡುವಿನದಕ್ಕೆ ಹನ್ನೆರಡು, ಬಳೆಗೆ ಅರವತ್ತು ಎಂದು ನಾನು ಒಪ್ಪಿಸಿದೆ. ಅವರು ಸಂತೋಷಪಟ್ಟಂತೆ ಕಾಣಲಿಲ್ಲ.

"ಮೂರೂ ಹಿತ್ತಾಳಿದು ಮಾಡಿಕೊಡ್ತೀನಿ ಬೇಟಿ."

"ಕೆಟ್ಟದ್ದು ಒಂದ ಐತ್ರಿ ಚಾಚಾ. ಒಂದ ಸಾಕು."

"ನಕ್ಕೋ, ನಕ್ಕೋ, ಒಂದ ಬ್ಯಾಡ. ಇಬ್ಬರು ಮುದುಕರ ನಡುವ ಒಬ್ಬ ಪೈಲ್ವಾನನ್ನ ನಿಂದರಿಸಿದ್ರ ಮುದುಕರ ಗತಿ ಏನು?"

"ಭಾರ ಮೂರಕ್ಕೂ ಸಮಾ ಹಂಚತೈತ್ರಿ."

"ಕಾಗದದ ಮ್ಯಾಲೆ ಹಂಚ್ತದ ತಂಗಿ," ಎಂದು ಚಾಚಾ ಲೋಹ ಕಡೆಯುವ ಲೇಥಿನ ಕಡೆ ತಿರುಗಿದರು. "ನಿಮ್ಮ ಮನ್ಯಾಗ ಕೆಲಸ ಸಮಾ ಹಂಚ್ತದೇನು?"

ಉತ್ತರ ನಮ್ಮ ಅವ್ವನ ಭುಜದಲ್ಲಿತ್ತು. ಸ್ಟೂಲಿನ ಮೇಲೆ ಕೂತು ಮೂರೂ ಮುಗಿಯುವವರೆಗೆ ಕಾದೆ.

ಸಂಜೆ ಮನೆಗೆ ಬಂದು ಎಲ್ಲವನ್ನೂ ಜೋಡಿಸಿ, ಒಂದಿಷ್ಟು ಹಿಟ್ಟು ಸುರಿದು ಸ್ವಿಚ್ ಹಾಕಿದೆ. ಮೋಟಾರು ಹಾಡಿತು. ಕೊಕ್ಕೆ ಅಲ್ಲಾಡಲಿಲ್ಲ. ಲೆಕ್ಕ ಸರಿ, ಹಲ್ಲು ಸರಿ, ಗ್ರಹಗಳು ಮಿರಮಿರ ಮಿಂಚುತ್ತಿವೆ. ಕೊಕ್ಕೆ ಮಾತ್ರ ಹಿಟ್ಟಿನಲ್ಲಿ ಕಾಲಿಟ್ಟು ನಿಂತಿದೆ. ಅವ್ವ ಆಗಲೇ ಹಿಟ್ಟು ನಾದುವ ಪರಾತ ತೆಗೆದು ತೋಳೇರಿಸತೊಡಗಿದ್ದಳು. ನಾನು ಮತ್ತೆ ಬಿಚ್ಚಿ, ತೆರೆದಿಟ್ಟೇ ಓಡಿಸಿ ನೋಡಿದೆ. ಹೊರಬಳೆ ತನ್ನ ಪಾಡಿಗೆ ತಾನು ಹಿಂದಕ್ಕೆ ತಿರುಗುತ್ತಿತ್ತು. ಆಫೀಸಿನ ಚಿತ್ರದಲ್ಲಿ ಬಳೆಯ ಸುತ್ತ ನಾಲ್ಕು ಓರೆಗೆರೆ ಎಳೆದರೆ ಅದು ನಿಂತಂತೆ. ನಾಲ್ಕು ವರ್ಷಗಳಿಂದ ಎಳೆಯುತ್ತಿದ್ದೇನೆ. ಅದನ್ನು ಹಿಡಿದಿಡಲು ಸ್ಕ್ರೂ ಬೇಕು ಎಂಬುದು ನನಗೆ ಹೊಳೆದೇ ಇರಲಿಲ್ಲ.

"ಅವ್ವಾ, ಇಲ್ಲಿ ಮೂರು ಸ್ಕ್ರೂ ಇದ್ದುವಲ್ಲ?"

"ಕಳದಾವಂತ ಸಾಸಿವಿ ಡಬ್ಬ್ಯಾಗ ಇಟ್ಟೀನಿ."

ಡಬ್ಬಿಯಲ್ಲಿ ಎರಡು ಸಿಕ್ಕವು. ಮೂರನೆಯದು ಗುರುವಾರದ ಸಾರಿಗೆ ಒಗ್ಗರಣೆಯಾಗಿದ್ದಿರಬೇಕು.

ಭಾನುವಾರ ಎರಡೇ ಸ್ಕ್ರೂಗಳ ಯಂತ್ರ ಕಟ್ಟೆಯ ಮೇಲೆ ಕುಣಿಯತೊಡಗಿತು. ನಾನು ಅದನ್ನು ಎರಡೂ ಕೈಯಿಂದ ತಬ್ಬಿ ನಿಂತೆ. ಅವ್ವ ಒಂದೊಂದು ಹಿಡಿ ಹಿಟ್ಟು ಹಾಕುತ್ತ, ಎಡಗೈಯಲ್ಲಿ ಎಸರು ಸುರಿಯುತ್ತ, ಅಡುಗೆಮನೆ ಬಾಗಿಲಲ್ಲಿ ನೆರೆದ ಹನ್ನೆರಡೂ ಮಂದಿಗೆ ವಿವರಿಸಿದಳು: "ಇದರ ಗೇರ ನಮ್ಮ ಹುಡುಗೀನ ಹಾಕ್ಯಾಳ. ಗೇರಿನ ಇಂಜಿನಿಯರ್ ಅದಾಳ. ಯಾರಿಗೂ ಹೇಳೂದಿಲ್ಲ, ನಾಚಿಕಿ." ಯಂತ್ರವನ್ನು ತಬ್ಬಿಕೊಂಡವಳು ಓಡಿಹೋಗುವ ಹಾಗಿರಲಿಲ್ಲ. ಐವತ್ತೂ ರೊಟ್ಟಿಗಳಾದವು. ಅವ್ವ ಸಂಜೆ ಬಲಗೈಯನ್ನು ತಲೆಯ ಮೇಲೆತ್ತಿ, ಎಲ್ಲರಿಗೂ ಕಾಣುವಂತೆ ಜಡೆ ಹಾಕಿಕೊಂಡಳು.

ಸೋಮವಾರ ಬೆಳಿಗ್ಗೆ ಬಾಗಿಲು ತೆರೆದರೆ ಚಪ್ಪಲಿ ಸ್ಟ್ಯಾಂಡಿನ ಮೇಲೆ ಎರಡು ಮಿಕ್ಸರು, ಒಂದು ಹ್ಯಾಂಡ್ ಬ್ಲೆಂಡರು. ಪಕ್ಕದಲ್ಲಿ ನಿನ್ನೆ ಊಟಕ್ಕೆ ಬಂದಿದ್ದ ಮೂರನೇ ಮಹಡಿಯ ಕಾಕು. "ನಿನಗ ತ್ರಾಸ ಆಗತೈತಿ ಅಂದ್ರ ಇಲ್ಲೇ ಕೆಳಗಡೆ ವರ್ಕ್‌ಶಾಪ್ ಐತಲ್ಲ, ಅಲ್ಲಿ ಕೊಡಲೇನು?" ಎಂದು ಅವರು ಸಂಕೋಚದಿಂದ ಕೇಳಿದರು. ಇಂಥ ಅವಕಾಶ ಮತ್ತೆ ಬರುವುದಿಲ್ಲ. ಹೂಂ ಎಂದಿದ್ದರೆ ಮುಗಿಯುತ್ತಿತ್ತು.

"ಬ್ಯಾಡ್ರಿ ಕಾಕು," ಎನ್ನುವುದು ನನಗೇ ಕೇಳಿಸಿತು. "ಅವರಿಂದ ಆಗೂದಿಲ್ಲ. ಬೈಕುಲ್ಲಾದಾಗ ನಮ್ಮೂರವರೊಬ್ಬರದಾರ. ಇಡ್ರಿ, ಶನಿವಾರ ನಾನ ಒಯ್ತೀನಿ."