ಏಣಿಗೆ ಕಟ್ಟಿದ ಟವೆಲು

ನಾನು ಚಿಂತೆ ಮಾಡುವವನು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಚಿಂತೆಗೆ ಕಾರಣ ಬೇಕೆಂದೇನೂ ಇಲ್ಲ. ಕಾರಣ ಇಲ್ಲದಿದ್ದರೆ ಯಾಕಿಲ್ಲ ಎಂದು ಚಿಂತೆಯಾಗುತ್ತದೆ. ಮನೆಗೆ ಬೀಗ ಹಾಕಿ ಹರಪನಹಳ್ಳಿಯ ಬಸ್ ಸ್ಟ್ಯಾಂಡಿನವರೆಗೆ ಹೋಗಿ, ಹಾಕಿದೆನೋ ಇಲ್ಲವೋ ನೋಡಲೆಂದು ತಿರುಗಿ ಬಂದು, ಹಡಗಲಿಯ ಬಸ್ಸು ತಪ್ಪಿಸಿಕೊಂಡದ್ದು ಎಷ್ಟು ಸಲವೋ. ಒಮ್ಮೆ ಹಾಗೆ ಬಂದು ನೋಡಿದಾಗ ಬೀಗ ಭದ್ರವಾಗಿಯೇ ಇತ್ತು. ಒಳಗೆ ನನ್ನ ಹೆಂಡತಿ ವಿಜಯಾ ಇದ್ದಳು. ಕಿಟಕಿಯಿಂದ ನನ್ನನ್ನು ನೋಡಿ, "ಭಾಳ ಜೋಪಾನರಿ ನೀವು" ಎಂದಳು. ಹೊರಗೆ ಬಂದ ಮೇಲೆ ಆಕೆ ಹೇಳಿದ ಉಳಿದ ಮಾತು ಇಲ್ಲಿ ಬೇಡ.

ಇಂಥವನಿಗೆ ದೇವರು ತಕ್ಕ ಕೆಲಸವನ್ನೇ ಕೊಟ್ಟಿದ್ದಾನೆ. ಮಹಡಿಯ ಕೋಣೆಯಲ್ಲಿ ಕೂತು ನಾನು ಕಂಪ್ಯೂಟರಿನ ಒಳಗಿನ ಒಳಕೋಣೆಗೆ, ಅಂದರೆ ಕರ್ನಲ್‌ಗೆ, ಡ್ರೈವರ್ ಎಂಬ ಪ್ರೋಗ್ರಾಮು ಬರೆಯುತ್ತೇನೆ. ಹೊರಗಿನಿಂದ ಒಂದು ಯಂತ್ರದ ವೈರು ಸಿಕ್ಕಿಸಿದರೆ ಅದರ ಮಾತು ಕಂಪ್ಯೂಟರಿಗೆ ತಿಳಿಯುವಂತೆ ಮಾಡುವುದು ಈ ಡ್ರೈವರಿನ ಕೆಲಸ. ಯಂತ್ರ ಬಂದ ಕೂಡಲೇ ಅದರ ಹೆಸರಿನಲ್ಲಿ ಒಳಗೆ ಒಂದು ಜಾಗ ಮಾಡಬೇಕು, ಯಂತ್ರ ಹೋದ ಮೇಲೆ ಆ ಜಾಗ ಬಿಟ್ಟುಕೊಡಬೇಕು. ಕಷ್ಟವಿರುವುದು ಬಿಟ್ಟುಕೊಡುವುದರಲ್ಲಿ. ಅದನ್ನು ಬಳಸುವ ಪ್ರತಿಯೊಬ್ಬರೂ (ಮನುಷ್ಯರಲ್ಲ, ಅಳತೆ ಕೇಳುವ ಬೇರೆ ಪ್ರೋಗ್ರಾಮುಗಳು) ಬಂದಾಗ ಎಣಿಕೆಯನ್ನು ಒಂದು ಏರಿಸಬೇಕು, ಹೋಗುವಾಗ ಒಂದು ಇಳಿಸಬೇಕು, ಎಣಿಕೆ ಸೊನ್ನೆಯಾಗುವಂತೆ ಕೊನೆಗೆ ಹೊರಟವರು ಜಾಗ ಗುಡಿಸಿ ದೀಪ ಆರಿಸಬೇಕು. ಯಾರಾದರೂ ಇಳಿಸುವುದನ್ನು ಮರೆತರೆ ಆ ಜಾಗ ಮತ್ತೆ ಯಾರಿಗೂ ದಕ್ಕುವುದಿಲ್ಲ. ಇನ್ನೊಬ್ಬರು ಒಳಗಿರುವಾಗಲೇ ಗುಡಿಸಿಬಿಟ್ಟರಂತೂ ಇಡೀ ಕಂಪ್ಯೂಟರು ಕಲ್ಲಾಗಿ ಕೂರುತ್ತದೆ. ಒಳಗೆ ಹೆಂಡತಿ ಇರುವಾಗ ಬೀಗ ಹಾಕುವವನಿಗೆ ಈ ಕೆಲಸ ಯಾಕೆ ಸಿಕ್ಕಿತು ಎಂದು ನೀವು ಕೇಳಬಹುದು. ನಮ್ಮ ಕಂಪನಿಯವರು ಕೇಳಿರಲಿಲ್ಲ.

ಈ ಸಲದ ಯಂತ್ರ ಮೆಕ್ಕೆಜೋಳದ ತೇವ ಅಳೆಯುವ ಮೀಟರು. ಒಂದು ಹಿಡಿ ಕಾಳು ಹಾಕಿದರೆ ಎಷ್ಟು ಹಸಿ, ಎಷ್ಟು ಒಣ ಎಂದು ಅಂಗಡಿಯ ಕಂಪ್ಯೂಟರಿನ ಮೇಲೆ ತೋರಿಸುತ್ತದೆ. ನಮ್ಮೂರಿನಲ್ಲಿ ಅದನ್ನು ಹಾಕಿಸಿದವರು ಖಾಸಿಂ ಸಾಬರು. ಮೂವತ್ತು ವರ್ಷದಿಂದ ವ್ಯಾಪಾರಿಗಳ ತಕ್ಕಡಿ ರಿಪೇರಿ ಮಾಡುತ್ತ ಬಂದವರು, ಅವರು ಸರಿ ಎಂದರೆ ತಕ್ಕಡಿ ಸರಿ. "ಮಾಡಿದವ್ರು ನಮ್ಮ ಓಣಿಯವ್ರ" ಎಂದು ನನ್ನನ್ನು ತೋರಿಸಿ ಹನ್ನೊಂದು ಅಂಗಡಿಗಳಲ್ಲಿ ಹನ್ನೊಂದು ಮೀಟರು ಇಡಿಸಿದರು. ಎರಡೇ ದಿನಕ್ಕೆ ಫೋನು ಬಂತು.

"ಸಾಹೇಬ್ರ, ಮೀಟರ್ ಕಿತ್ತರ ಕಂಪ್ಯೂಟರ್ ನಿಂತ ಬಿಡತೈತ್ರಿ. ಹಂದಾಡಂಗಿಲ್ಲ."

"ಯಾವಾಗ ಕಿತ್ರಿ?"

"ಅಳಿಯಾಕ ಹತ್ತಿದಾಗ."

"ಅಳೆಯುವಾಗ ಯಾಕ ಕೀಳ್ತೀರಿ ಖಾಸಿಂ ಸಾಬ್ರ?"

"ಮೊಬೈಲ್ ಚಾರ್ಜ್ ಹಾಕಬೇಕಲ್ರಿ? ನಾಲ್ಕು ತೂತು ಅದಾವ, ಮೂರರಾಗ ಜ್ವಾಳದ ಧೂಳು ತುಂಬೈತಿ. ಉಳದದ್ದು ಒಂದ."

ನಮ್ಮ ಕಂಪನಿಯಲ್ಲಿ ಯಂತ್ರವನ್ನು ನೂರು ರೀತಿ ಪರೀಕ್ಷೆ ಮಾಡಿದ್ದೆವು. ಬಿಸಿ ಮಾಡಿದ್ದೆವು, ತಣ್ಣಗೆ ಮಾಡಿದ್ದೆವು, ಮೇಜಿನಿಂದ ಕೆಡವಿದ್ದೆವು. ಅಳತೆಯ ನಡುವೆ ಕಿತ್ತು ಆ ತೂತಿಗೆ ಮೊಬೈಲು ಸಿಕ್ಕಿಸಬಹುದು ಎಂದು ಯಾರಿಗೂ ಹೊಳೆದಿರಲಿಲ್ಲ. ಖಾಸಿಂ ಸಾಬರು ಕೊನೆಗೆ ಮೆಲ್ಲಗೆ ಹೇಳಿದರು: "ಸ್ವಾಮಾರದೊಳಗ ಸರಿ ಆಗಲಿಲ್ಲಂದ್ರ ಹನ್ನೊಂದೂ ತಂದು ನನ್ನ ಅಂಗಡಿ ಕಟ್ಟಿ ಮ್ಯಾಲೆ ಇಡ್ತಾರಂತ. ಇಟ್ಟರ ಇಡಲಿ ಬಿಡ್ರಿ. ಆಮ್ಯಾಲೆ ನಾನು ಸರಿ ಅಂದ ತಕ್ಕಡೀನ ಯಾರು ನಂಬ್ತಾರ?" ಇದಕ್ಕಿಂತ ಅವರು ಬೈದಿದ್ದರೆ ಚೆನ್ನಾಗಿತ್ತು. ಅಂದು ಗುರುವಾರ. ಬರೆದದ್ದನ್ನು ಹದಿನೆಂಟು ಸಲ ಓದಿದೆ. ಎಲ್ಲ ಸರಿಯಾಗಿ ಕಾಣುತ್ತಿತ್ತು. ಮೀಟರು ಕಿತ್ತಾಗ ಯಾರಾದರೂ ಕೆಲಸ ಮಾಡುತ್ತಿದ್ದಾರೆಯೇ ಎಂದು ನೋಡುತ್ತಿದ್ದೆ, ಇಲ್ಲದಿದ್ದರೆ ಮಾತ್ರ ಜಾಗ ಗುಡಿಸುತ್ತಿದ್ದೆ.

ಇಲ್ಲಿ ನಮ್ಮ ಏಣಿಯ ವಿಷಯ ಹೇಳಬೇಕು. ನಮ್ಮ ಓಣಿಯಲ್ಲಿ ಮೆಟ್ಟಿಲಿಲ್ಲದ ಮಾಳಿಗೆಗಳೇ ಹೆಚ್ಚು, ಏಣಿ ಇರುವುದು ನಮ್ಮ ಮನೆಯಲ್ಲಿ ಒಂದೇ. ಕಬ್ಬಿಣದ್ದು, ಹನ್ನೆರಡು ಮೆಟ್ಟಿಲು, ಕೆಳಗಿನ ಮೆಟ್ಟಿಲು ಸ್ವಲ್ಪ ಸೊಟ್ಟ. ಕೇಳಿ ಒಯ್ಯುವ ಪದ್ಧತಿ ಇಲ್ಲ. "ಏಣಿ ಒಯ್ದೇನ್ರೀ" ಎನ್ನುವ ಕೂಗು ಕೇಳುವ ಹೊತ್ತಿಗೆ ಏಣಿ ಮೂಲೆ ತಿರುಗಿರುತ್ತದೆ. ಅದು ಕಣ್ಣಿಗೆ ಬೀಳದಿದ್ದರೆ ನನಗೆ ಸಮಾಧಾನವಿಲ್ಲ. ಬೈಕು ಗುದ್ದಿದರೆ? ಎಮ್ಮೆ ಉಜ್ಜಿ ಕೆಡವಿದರೆ? ಯಾರ ತಲೆಯ ಮೇಲಾದರೂ ಬಿದ್ದರೆ?

ಶುಕ್ರವಾರ ಬೆಳಿಗ್ಗೆ ಹತ್ತರ ಸುಮಾರಿಗೆ ಹಾಲಿನ ಪ್ಯಾಕೆಟ್ಟು ತರಲು ಹೋದವನು ಪಕ್ಕದ ಬಸಮ್ಮಕ್ಕನ ಗೋಡೆಗೆ ನಮ್ಮ ಏಣಿ ಒರಗಿದ್ದನ್ನು ಕಂಡೆ. ಏಣಿಯ ಮೇಲೆ ಯಾರೂ ಇರಲಿಲ್ಲ. ಕೆಳಗೂ ಯಾರೂ ಇರಲಿಲ್ಲ. ಜವಾಬ್ದಾರಿಯುಳ್ಳ ಮನುಷ್ಯನಾದ್ದರಿಂದ ಹೆಗಲ ಮೇಲೆ ಹೊತ್ತು ತಂದು ಹಿತ್ತಲಲ್ಲಿ ಮಲಗಿಸಿ, ಮೇಲೆ ಹೋಗಿ, ಕಿವಿಗೆ ಹೆಡ್‌ಫೋನು ಹಾಕಿ ಆಫೀಸಿನ ಮೀಟಿಂಗಿಗೆ ಕೂತೆ. ಮ್ಯಾನೇಜರು ಕೇಳುತ್ತಲೇ ಇದ್ದರು: ಯಾರೋ ಬಳಸುತ್ತಿರುವಾಗಲೇ ಕಿತ್ತುಕೊಂಡವರು ಯಾರು? ಯಾವ ಸಾಲು? ಯಾಕೆ? ಅಷ್ಟರಲ್ಲಿ ಕಿಟಕಿಗೆ ಏನೋ ಟಪ್ ಎಂದು ಬಡಿಯಿತು. ಕಾಗೆ ಇರಬೇಕೆಂದು "ಹುಶ್" ಎಂದೆ. ಮತ್ತೆ ಟಪ್. ಎದ್ದು ನೋಡದೆ ಪರದೆ ಎಳೆದು ಮುಚ್ಚಿದೆ. ಮೂರನೆಯದು ಪರದೆಯ ಸಂದಿಯಿಂದ ಒಳಗೇ ಬಂದು ಕೀಲಿಮಣೆಯ ಮೇಲೆ ಬಿತ್ತು. ನೋಡಿದರೆ ಅಕ್ಕಿ ಸಂಡಿಗೆ, ಇನ್ನೂ ಅರೆಹಸಿ.

ತೇವ ಅಳೆಯುವ ಮೀಟರಿನವನಿಗೆ ಅದರಿಂದಲೂ ಏನೂ ತಿಳಿಯಲಿಲ್ಲ. ಸುಮಾರು ಒಂದು ಗಂಟೆಯ ಮೇಲೆ ವಿಜಯಾ ಬಾಗಿಲು ದೂಡಿಕೊಂಡು ಬಂದು ಹೆಡ್‌ಫೋನು ಕಿತ್ತಳು.

"ಏಣಿ ಯಾಕ ತಂದ್ರಿ?"

"ಖಾಲಿ ಇತ್ತು, ತಂದೆ."

"ಬಸಮ್ಮಕ್ಕ ಮಾಳಿಗಿ ಮ್ಯಾಲೆ ಅದಾಳ! ಸಂಡಿಗಿ ಹಾಕಾಕ ಹೋಗ್ಯಾಳ. ನಿಮ್ಮ ಕಿಟಕಿಗೆ ಅರ್ಧ ಸಂಡಿಗಿ ಒಗದು ಒಗದು ಸಾಕಾಗಿ ಕುಂತಾಳ."

"ಏಣಿ ಮ್ಯಾಲೆ ಯಾರೂ ಇರಲಿಲ್ಲ, ನಾನು ನೋಡೇ ತಂದದ್ದು."

"ಏಣಿ ಮ್ಯಾಲೆ ಇಲ್ಲಂದ್ರ ಏಣಿ ಬ್ಯಾಡಂತಾನ? ಹತ್ತಿದಾಕಿ ಇಳೀಬೇಕೋ ಬ್ಯಾಡೋ?"

ಏಣಿ ಹೊತ್ತು ಓಡಿದೆ. ಓಣಿಯವರೆಲ್ಲ ಸೇರಿದ್ದರು. ಮಾಳಿಗೆಯ ಅಂಚಿನಲ್ಲಿ ಸೆರಗು ತಲೆಗೆ ಹೊದ್ದು ಕೂತಿದ್ದ ಬಸಮ್ಮಕ್ಕ, "ಬಾರಪಾ ತಮ್ಮಾ, ಬಾ. ಇಲ್ಲೇ ರೇಷನ್ ಕಾರ್ಡ್ ಮಾಡಿಸಬೇಕಂತಿದ್ದೆ" ಎಂದರು. ನಾನು ಏಣಿ ಒರಗಿಸಿ, ಸೊಟ್ಟ ಮೆಟ್ಟಿಲನ್ನು ಎರಡೂ ಕೈಯಲ್ಲಿ ಹಿಡಿದು ನಿಂತೆ. ಆಕೆ ಒಂದೊಂದೇ ಮೆಟ್ಟಿಲು ಇಳಿಯುತ್ತಿರುವಾಗ ಹೆಂಡತಿಯ ಮಾತು ನನ್ನ ತಲೆಯೊಳಗೆ ನಿಧಾನವಾಗಿ ಹತ್ತತೊಡಗಿತು. ಹತ್ತಿದವರು ಇಳಿಯಬೇಕು. ಮೀಟರಿನಿಂದ ಉತ್ತರ ಬರಲೆಂದು ಕಾಯುತ್ತ ಒಳಗೆ ಅಳತೆ ಕೇಳಿದವನೊಬ್ಬ ನಿದ್ದೆಹೋಗಿರುತ್ತಾನೆ. ಆ ಹೊತ್ತಿಗೆ ಅವನು ಏನೂ ಮಾಡುತ್ತಿರುವುದಿಲ್ಲ. ನಾನು ಇಣುಕಿ ನೋಡಿ, ಯಾರೂ ಇಲ್ಲವೆಂದುಕೊಂಡು, ಜಾಗ ಗುಡಿಸಿಬಿಡುತ್ತೇನೆ. ಅವನು ಎದ್ದು ಇಳಿಯಲು ಕಾಲು ಚಾಚಿದರೆ ಕೆಳಗೆ ಏಣಿಯೇ ಇಲ್ಲ! "ಅಕ್ಕಾ, ಸಿಕ್ತು!" ಎಂದು ಕೂಗಿ ಕೈಬಿಟ್ಟೆ. ಏಣಿ ಅಲ್ಲಾಡಿತು. ಬಸಮ್ಮಕ್ಕ ಮೂರನೆಯ ಮೆಟ್ಟಿಲಿನಿಂದ ನನ್ನ ವಂಶದವರನ್ನೆಲ್ಲ ನೆನೆದರು.

ಮಧ್ಯಾಹ್ನವೇ ಕೂತು ತಿದ್ದಿದೆ. ಅಲ್ಲಿಯವರೆಗೆ ಕೆಲಸದಲ್ಲಿರುವವರನ್ನಷ್ಟೇ ಎಣಿಸುತ್ತಿದ್ದೆ; ಇನ್ನು ಒಳಗೆ ಬರುವಾಗಲೇ ಎಣಿಕೆ ಏರಬೇಕು, ಪೂರ್ತಿ ಹೊರಗೆ ಹೋದ ಮೇಲೆಯೇ ಇಳಿಯಬೇಕು. ನಡುವೆ ಅವನು ನಿದ್ದೆ ಮಾಡಲಿ, ಸಂಡಿಗೆ ಹಾಕಲಿ, ನಮಗೆ ಸಂಬಂಧವಿಲ್ಲ. ಶನಿವಾರ ಖಾಸಿಂ ಸಾಬರು ಒಂದು ಅಂಗಡಿಯಲ್ಲಿ ನಿಂತು ಇಪ್ಪತ್ತು ಸಲ ಮೀಟರು ಕಿತ್ತು, ಇಪ್ಪತ್ತು ಸಲ ಮೊಬೈಲು ಸಿಕ್ಕಿಸಿದರು. ಕಂಪ್ಯೂಟರು ನಿಲ್ಲಲಿಲ್ಲ. "ಭೇಷ್ ಸಾಹೇಬ್ರ! ಮೊಬೈಲೂ ಚಾರ್ಜ್ ಆತು" ಎಂದರು. ಸೋಮವಾರ ಅವರ ಅಂಗಡಿಯ ಕಟ್ಟೆಯ ಮೇಲೆ ಅವರು ಮಾತ್ರ ಕೂತಿದ್ದರು, ಚಹಾ ಕುಡಿಯುತ್ತ.

ಗೆದ್ದವನಿಗೆ ಉಪದೇಶ ಮಾಡುವ ಚಪಲ. ಓಣಿಗೆ ನಾನೊಂದು ಕಾನೂನು ಮಾಡಿದೆ. ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲು ಒಗೆದು ಜಾಗ ಹಿಡಿಯುವುದು ನಮ್ಮವರಿಗೆ ಯಾರೂ ಕಲಿಸಬೇಕಿಲ್ಲವಲ್ಲ. ಹಾಗೆಯೇ ಮಾಳಿಗೆ ಹತ್ತುವವರು ಏಣಿಯ ಕೆಳಗಿನ ಮೆಟ್ಟಿಲಿಗೆ ತಮ್ಮದೊಂದು ಟವೆಲು ಕಟ್ಟಬೇಕು, ಇಳಿದ ಮೇಲೆ ಬಿಚ್ಚಿಕೊಳ್ಳಬೇಕು, ಒಂದು ಟವೆಲಿದ್ದರೂ ಏಣಿ ಕದಲಿಸಬಾರದು. ಕೊನೆಯ ಟವೆಲು ಬಿಚ್ಚಿದವರು ಏಣಿಯನ್ನು ನಮ್ಮ ಹಿತ್ತಲಿಗೆ ತಂದಿಡಬೇಕು. ಬಸಮ್ಮಕ್ಕ ಎಲ್ಲವನ್ನೂ ಕೇಳಿ, "ನೀನು ಏಣಿ ಕದೀದಿದ್ರ ಸಾಕಪಾ, ಟವೆಲ್ ಯಾಕ ಬೇಕು" ಎಂದರಾದರೂ ಕಟ್ಟಿದರು. ಮೂರು ವಾರ ಎಲ್ಲವೂ ಅಚ್ಚುಕಟ್ಟಾಗಿ ನಡೆಯಿತು, ಏಣಿಯ ಚಿಂತೆಯನ್ನೂ ನಾನು ಬಿಟ್ಟೆ.

ಕಳೆದ ಬುಧವಾರ ವಿಜಯಾ ಕೇಳಿದಳು, "ಏಣಿ ನಾಕು ದಿನದಿಂದ ಬಸಮ್ಮಕ್ಕನ ಗ್ವಾಡಿಗೇ ಐತಲ್ಲ, ಯಾರರ ಮ್ಯಾಲೆ ಅದಾರೇನು?" ಹೋಗಿ ನೋಡಿದೆ. ಕೆಳಗಿನ ಸೊಟ್ಟ ಮೆಟ್ಟಿಲಿಗೆ ನೀಲಿ ಅಂಚಿನ ಟವೆಲು. ಮೂವರು ಬಂದು, ಟವೆಲು ಕಂಡು, ಕಾನೂನಿಗೆ ಮರ್ಯಾದೆ ಕೊಟ್ಟು ಬರಿಗೈಯಲ್ಲಿ ತಿರುಗಿ ಹೋಗಿದ್ದರಂತೆ. ಒಬ್ಬರ ನೀರಿನ ಟ್ಯಾಂಕು ಸೋರುತ್ತಲೇ ಇತ್ತು. ಬಸಮ್ಮಕ್ಕ ಬಾಗಿಲಲ್ಲಿ ನಿಂತು ಮಾಳಿಗೆಯ ಕಡೆ ಮುಖ ಮಾಡಿ, "ಯಾರಪಾ ಮ್ಯಾಲಿರೋದು? ಊಟಾನರ ಕೊಡ್ಲೇನು?" ಎಂದು ಕೂಗಿದರು; ಆಮೇಲೆ ಟವೆಲಿಲ್ಲದ ನನ್ನ ಹೆಗಲು ನೋಡಿದರು. ಟವೆಲು ನನ್ನದೇ. ಭಾನುವಾರ ಆಕೆಯ ಮಾಳಿಗೆಯ ಡಿಶ್ ಸರಿಮಾಡಲು ಹತ್ತಿದ್ದೆ, ಇಳಿಯುವಾಗ ಮನೆಯ ಗ್ಯಾಸು ಆರಿಸಿದೆನೋ ಇಲ್ಲವೋ ಎಂದು ಚಿಂತೆಯಾಗಿ ಓಡಿಬಂದಿದ್ದೆ. ನಾಲ್ಕು ದಿನದಿಂದ ಮನೆಯಲ್ಲಿ ಉಂಡು ಮಲಗುತ್ತಿದ್ದರೂ ಓಣಿಯ ಲೆಕ್ಕದಲ್ಲಿ ನಾನಿನ್ನೂ ಮಾಳಿಗೆಯ ಮೇಲೆಯೇ ಇದ್ದೆ.

ಟವೆಲು ಬಿಚ್ಚಿಕೊಂಡು ಬರುವಾಗ ದಾರಿಯಲ್ಲೇ ನಾನು ತಿದ್ದಿದ ಡ್ರೈವರು ನೆನಪಾಯಿತು. ಮಹಡಿ ಹತ್ತಿ ಪ್ರೋಗ್ರಾಮು ತೆರೆದೆ. ಮೀಟರು ಕಿತ್ತ ಗಳಿಗೆಯಲ್ಲೇ ಯಾರಾದರೂ ಬಂದು ಅಳತೆ ಕೇಳಿದರೆ, "ಇಲ್ಲ, ಹೋಗಿ" ಎಂದು ವಾಪಸು ಕಳಿಸುವ ಸಣ್ಣ ದಾರಿಯೊಂದು ಅದರಲ್ಲಿದೆ. ಅವರು ಬರುವಾಗ ಎಣಿಕೆ ಏರಿಸಿದ್ದೆ. ಕಳಿಸುವಾಗ ಇಳಿಸಿದೆನೇ ಎಂದು ಸಾಲಿನ ಮೇಲೆ ಬೆರಳಿಟ್ಟು ನೋಡಿದೆ. ಮತ್ತೊಮ್ಮೆ ನೋಡಿದೆ. ಅಲ್ಲೂ ನನ್ನ ಟವೆಲು ಕಟ್ಟಿದ ಹಾಗೆಯೇ ಇತ್ತು.