ನೀಳ್ಳು ದಾರಿ

ನಮ್ಮ ಕಾಕಾಗ ಮೂರು ಭಾಷಾ ಬರ್ತಾವ. ಅವನ ಕುದುರಿಗಿ ತೆಲುಗು ಬಿಟ್ಟು ಒಂದೂ ಬರಂಗಿಲ್ಲ! ಇಬ್ಬರೂ ಕೂಡಿ ನಮ್ಮ ಕೆರಿಗಿ ಹೆಸರು ತಂದಾರ.

ನಮ್ಮೂರು ತೆಲಂಗಾಣದ ಗಡ್ಯಾಗ, ನ್ಯಾಲ್ಕಲ್ ಕಡೆ. ಕಾಕಾ ತಾಂಡೂರಿಗಿ ಹೋಗಿ ಮದಿವಿ ಬರಾತ್‌ದಾಗ ಕುಣಿಯೋ ಬಿಳಿ ಹೆಣ್ಣು ಕುದುರಿ ತಂದ.

'ಯಾರ ಮದಿವಿ ಕಾಕಾ? ನಿಂದೇನು?' ಅಂದ್ರು ಮಂದಿ.

'ನಕ್ಕೋರಿ! ಜಹೀರಾಬಾದದ ಮಂದಿ ಇಕಿ ಮ್ಯಾಲ ಕೂತು ಕೆರಿ ಸುತ್ತತಾರ. ಆ ದಾರಿಗಿ ನನ್ನ ಹೆಸರಿನ ಬೋರ್ಡ್ ಬೀಳ್ತದ!'

ಅದೊಂದೇ ಆಸಿ ಅವನಿಗಿ. ಬೋರ್ಡ್ ಮ್ಯಾಲ ತನ್ನ ಹೆಸರು.

ಮೊದಲ ಗಿರಾಕಿ ಒಬ್ಬ ಬ್ಯಾಂಕಿನ ಸಾಹೇಬರು. ಹೊಸಾ ಬೂಟು. ಯಾರನ್ನರ ನಿಲ್ಲಸಬೇಕಂದ್ರ ನಾವು ಮನ್ಯಾಗ 'ನಿಂದ್ರು' ಅಂತೀವಿ. ಆದ್ರ ಸಾಹೇಬರ ಮುಂದ ಕಾಕಾಗ ಪುಸ್ತಕದ ಕನ್ನಡ ಉಕ್ಕಿ ಬಂತು. ಕುದುರಿ ಓಡಾಕ ಹತ್ತಿದ್ದೇ, 'ನಿಲ್ಲೂ! ನಿಲ್ಲೂ!' ಅಂತ ಚೀರಿದ. ತೆಲುಗದಾಗ ನೀಳ್ಳು ಅಂದ್ರ ನೀರು. ಕುದುರಿ ಸೀದಾ ಕೆರಿಯಾಗ!

'ಬೋಟಿಂಗೂ ಅದೇನ್ರಿ?' ಅಂದ್ರು ಸಾಹೇಬರು, ಸೊಂಟದ ತನಕ ನೀರಾಗ ಕೂತು.

'ಹೂನ್ರಿ, ಅದು ಫುಕಟ್‌ರಿ!' ಅಂದ ಕಾಕಾ.

ಆಮ್ಯಾಲಾದ್ರೂ 'ನಿಂದ್ರು' ಅನಬೇಕಿಲ್ಲೋ? ಇಲ್ಲ! 'ಅಕಿ ಕನ್ನಡ ಕಲೀಲಿ' ಅಂತ ದಿನಾ ಪಾಠ. ನಾ ಸಾಲಿ ಕಲ್ತಂಗೇ ಅಕೀನೂ ಕಲ್ತಳು. ಕಾಕಾ ಒದರಿದಾಗೆಲ್ಲಾ ನೀರಿಗಿಳಿದು, ಕುಡದು, ದಂಡಿ ಹಿಡಿದು ಕೆರಿ ಸುತ್ತಿ ಮನಿಗಿ ಬರ್ತಿದ್ಳು. ಜಾಲಿ ಮುರೀತು, ಹುಲ್ಲು ಸವೀತು, ದಾರಿ ಬಿತ್ತು. ಊರ ಮಂದಿ ನಕ್ಕೋಂತ ಅದಕ್ಕ ನೀಳ್ಳು ದಾರಿ ಅಂದ್ರು. ಹೊರಗಿನ ಹುಡುಗ್ರು ಬಂದು, 'ನೀಳ್ಳು ದಾರಿ ಎಲ್ಲದರಿ?' ಅಂತ ಕೇಳಾಕ ಹತ್ತಿದ್ರು.

'ನನ್ನ ಹೆಸರು ಅನ್ರಲೇ ಅದಕ್ಕ!' ಅಂತ ಕಾಕಾ ಬೆನ್ನು ಹತ್ತತಿದ್ದ. ಯಾರು ಕೇಳ್ತಾರ?

ಹೋದ ತಿಂಗಳ ಪಂಚಾಯ್ತಿಯವ್ರು ಖರೇನೇ ಬೋರ್ಡ್ ತಂದ್ರು. 'ಕಾಕಾ, ನಿನ್ನ ಹೆಸರೇ ಬರಸ್ತೀವಿ, ಖುಷ್?' ಅಂದ್ರು ಸರಪಂಚರು. ಕಾಕಾ ಇಸ್ತ್ರಿ ಅಂಗಿ ಹಾಕ್ಕೊಂಡು ಬಂದಿದ್ದ. ಪೇಂಟರ್ ಬಣ್ಣ ಕಲಸಿದ.

ಕುದುರಿ ಬೇವಿನ ಗಿಡದ ಕೆಳಗ ನಿಂತಿದ್ಳು. ಈಗ ಅಕಿಗಿ ವಯಸ್ಸಾಗ್ಯದ. ಮುಂಗಾಲು ಬಾತಾವ, ಯಾರನ್ನೂ ಹೊರಂಗಿಲ್ಲ. ಕಾಕಾ ಬೋರ್ಡ್ ನೋಡಿದ. ಅಕೀನ್ನ ನೋಡಿದ.

'ನಂದು ಬ್ಯಾಡಪಾ. ನೀಳ್ಳು ದಾರಿ ಅಂತೇ ಬರಿ.'

'ಯಾಕ ಕಾಕಾ? ಇಷ್ಟು ದಿನ ಜಗಳಾಡಿದಿ?' ಅಂದ್ರು ಸರಪಂಚರು.

'ನಾ ಬರೇ ಒದರಿದೆ. ನಡದು ನಡದು ದಾರಿ ಮಾಡಿದಾಕಿ ಅಕಿ.'

ಪೇಂಟರ್ ಹೊರಗಿನವ. ಕಾಕಾನ ಕಡೆ ಬಟ್ಟು ಮಾಡಿ, 'ಇವ್ರು ಯಾರ್ರಿ?' ಅಂದ.

ಸರಪಂಚರು ಬಾಯಿ ತೆಗಿಯೋದ್ರಾಗ ನಾ ಚೀರಿದೆ, 'ನಮ್ಮ ಕಾಕಾ!'